ಅಪ್ಪನ ಪುಸ್ತಕಕ್ಕೂ ನನ್ನ ಜ್ಯಾಂಗೋ ವರದಿಗೂ ಲೆಕ್ಕ ತಾಳೆಯಾಗುತ್ತಿಲ್ಲ

ಅಘನಾಶಿನಿ, ಭಾನುವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಾನು ತದಡಿಯವಳು. ಅಪ್ಪ ಬಂದರಿನಲ್ಲಿ ಮೀನಿನ ಕಮಿಷನ್ ವ್ಯವಹಾರ ಮಾಡುತ್ತಾರೆ. 14 ಬೋಟುಗಳ ಲೆಕ್ಕ ಅವರ ಕೈಯಲ್ಲಿದೆ. ಬೋಟು ಹೊರಡುವಾಗ ಡೀಸೆಲ್, ಐಸ್, ರೇಷನ್ನಿಗೆ ಅಂತ ಮುಂಗಡ ಕೊಡುತ್ತಾರೆ. ಬೋಟು ಬಂದ ಮೇಲೆ ಮೀನು ಹರಾಜಾಗುತ್ತದೆ. ಆ ದುಡ್ಡಿನಲ್ಲಿ ಮುಂಗಡ ಮತ್ತು ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ಬೋಟಿನವರಿಗೆ ಕೊಡುತ್ತಾರೆ. ಇಷ್ಟೂ ಒಂದು ಕೆಂಪು ರಟ್ಟಿನ ಪುಸ್ತಕದಲ್ಲಿದೆ.

ಕಳೆದ ನವೆಂಬರಿನಲ್ಲಿ ಅದನ್ನೇ ಜ್ಯಾಂಗೋದಲ್ಲಿ, ಅಂದರೆ ಪೈಥಾನ್ ಭಾಷೆಯಲ್ಲಿ ವೆಬ್ ಆಪ್ ಕಟ್ಟುವ ಚೌಕಟ್ಟಿನಲ್ಲಿ, ಮಾಡಲು ಶುರು ಮಾಡಿದೆ. ಜ್ಯಾಂಗೋ 5.2, ಪೈಥಾನ್ 3.12, ಡೇಟಾಬೇಸ್ ಎಸ್‌ಕ್ಯೂಲೈಟ್, ಎಲ್ಲವೂ ಒಂದೇ ಕಡತದಲ್ಲಿ. ಅಂಗಡಿಯ ಲ್ಯಾಪ್‌ಟಾಪಿನಲ್ಲಿ ಉಬುಂಟು ಇದೆ. ಮೇ ಕೊನೆಯವರೆಗೆ ಅಪ್ಪ ಪುಸ್ತಕದಲ್ಲಿ ಬರೆದರು, ನಾನು ಕಂಪ್ಯೂಟರಿನಲ್ಲಿ ಹಾಕಿದೆ. ಈಗ ಬೋಟುಗಳೆಲ್ಲ ದಡದಲ್ಲಿವೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ ಅಲ್ವಾ. ಹಾಗಾಗಿ ಕೂತು ತಾಳೆ ನೋಡಿದೆ. ತಾಳೆಯಾಗುತ್ತಿಲ್ಲ.

ಬೋಟಿಗೆ ಕೊಡಬೇಕಾದ ಬಾಕಿ ಪುಸ್ತಕಕ್ಕಿಂತ ತುಂಬಾ ಜಾಸ್ತಿ ತೋರಿಸುತ್ತದೆ. ಎರಡು ಬೋಟಿಗೆ ಸರಿ ಇದೆ. ಉಳಿದವಕ್ಕೆ ಎಷ್ಟೋ ಪಟ್ಟು. ಮತ್ತೆ, ದಿನದ ವರದಿಯಲ್ಲಿ ಕೆಲವು ಮಾರಾಟಗಳು ಹಿಂದಿನ ದಿನಕ್ಕೆ ಹೋಗಿ ಕೂರುತ್ತವೆ. ಎಲ್ಲವೂ ಅಲ್ಲ, ಕೆಲವು ಮಾತ್ರ. ತಿಂಗಳ ವರದಿ ತೆರೆಯಲು ಅರ್ಧ ನಿಮಿಷ ಬೇಕು, ಅದು ಬೇರೆ.

ಅಪ್ಪ ಬೈಯಲಿಲ್ಲ. "ಪುಸ್ತಕ ಇರಲಿ ಬಿಡು" ಅಂದರು ಅಷ್ಟೆ. ಅದೇ ನನಗೆ ಬೇಜಾರು. ಆಗಸ್ಟಿನೊಳಗೆ ಇದನ್ನು ಸರಿ ಮಾಡಬೇಕು. ಎಲ್ಲಿಂದ ಶುರು ಮಾಡಲಿ?

ಯಾಣದ ಕಲ್ಲು, ಭಾನುವಾರ ರಾತ್ರಿ 9:48

ಅಕ್ಕಾ, ನಿಮ್ಮ ಪ್ರಶ್ನೆಗೆ ಉತ್ತರ ನನಗೆ ಗೊತ್ತಿಲ್ಲ. ಆದರೆ ನಾನೂ ಕಲಿಯಬೇಕು ಅಂತ ಕೂತಿದ್ದೇನೆ. ಉಬುಂಟುವಿನಲ್ಲಿ ಪೈಥಾನ್ ಪ್ಯಾಕೇಜು ಹಾಕಲು ಪಿಪ್ ಇನ್‌ಸ್ಟಾಲ್ ಜ್ಯಾಂಗೋ ಅಂತ ಕೊಟ್ಟರೆ "ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್" ಅಂತ ಹೇಳಿ ನಿಂತುಬಿಡುತ್ತದೆ. ಅದರ ಕೆಳಗೇ ಒಂದು ದಾರಿ ತೋರಿಸುತ್ತದೆ, "ಬ್ರೇಕ್ ಸಿಸ್ಟಮ್ ಪ್ಯಾಕೇಜಸ್" ಅಂತ. ಅದನ್ನು ಹಾಕಲಾ?

ಕಾಳಿ ದಡ, ಭಾನುವಾರ ರಾತ್ರಿ 10:05

ಹಾಕಬೇಡ ತಮ್ಮಾ. ಆ ಹೆಸರಿನಲ್ಲೇ ಎಚ್ಚರಿಕೆ ಇದೆ. ಉಬುಂಟುವಿನ ಎಷ್ಟೋ ಕೆಲಸ ಅದರದೇ ಪೈಥಾನ್ ಮೇಲೆ ನಡೆಯುತ್ತದೆ. ಅದರೊಳಗೆ ನಾವು ಬೇರೆ ಪ್ಯಾಕೇಜು ತುಂಬಿದರೆ ನಾಳೆ ಯಾವುದಕ್ಕೆ ಪೆಟ್ಟು ಬೀಳುತ್ತದೋ ಹೇಳಲಾಗದು. ಉಬುಂಟು 23.04ರಿಂದ, ಡೆಬಿಯನ್ 12ರಿಂದ ಈ ತಡೆ ಬಂದಿದೆ. ಬಂದದ್ದು ಒಳ್ಳೆಯದೇ.

ಮೊದಲು ಉಬುಂಟುವಿನದೇ ಏಪ್ಟ್ ಮೂಲಕ ಪೈಥಾನ್3-ವೆನ್ವ್ ಹಾಕಿಕೊ. ಆಮೇಲೆ ನಿನ್ನ ಕೆಲಸದ ಫೋಲ್ಡರಿನಲ್ಲಿ ಒಂದು ವೆನ್ವ್, ಅಂದರೆ ಆ ಕೆಲಸಕ್ಕೆ ಮಾತ್ರ ಬೇರೆ ಪೈಥಾನ್ ಜಾಗ, ಮಾಡು, ಅದನ್ನು ಆಕ್ಟಿವೇಟ್ ಮಾಡು. ಅದರೊಳಗೆ ಪಿಪ್ ಸುಮ್ನೆ ಕೆಲಸ ಮಾಡುತ್ತದೆ. ಒಂದೊಂದು ಪ್ರಾಜೆಕ್ಟಿಗೆ ಒಂದೊಂದು ವೆನ್ವ್. ಕೆಟ್ಟರೆ ಆ ಫೋಲ್ಡರ್ ಅಳಿಸಿ ಹೊಸದು ಮಾಡಿದರಾಯಿತು.

ಹಾಕುವುದಾದರೆ 5.2 ಹಾಕು. ಅದು ದೀರ್ಘಕಾಲ ದುರಸ್ತಿ ಸಿಗುವ ಆವೃತ್ತಿ. 2028ರ ಏಪ್ರಿಲ್‌ವರೆಗೆ ಭದ್ರತೆಯ ತಿದ್ದುಪಡಿ ಬರುತ್ತದೆ.

ಯಾಣದ ಕಲ್ಲು, ಭಾನುವಾರ ರಾತ್ರಿ 10:31

ಆಯಿತು ಅಣ್ಣ! ಹಸಿರು ರಾಕೆಟ್ ಬಂತು. ಇದನ್ನು ಡಿ-ಜ್ಯಾಂಗೋ ಅಂತ ಹೇಳಬೇಕಾ, ಜ್ಯಾಂಗೋ ಅಂತಲಾ?

ಕಾಳಿ ದಡ, ಭಾನುವಾರ ರಾತ್ರಿ 10:36

ಜ್ಯಾಂಗೋ. ಜ್ಯಾಂಗೋ ರೈನ್‌ಹಾರ್ಟ್ ಅನ್ನುವ ಗಿಟಾರ್ ವಾದಕರ ಹೆಸರು ಅದು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಅನ್ನುವ ಊರಿನ ಪತ್ರಿಕೆಯೊಂದರ ಕಚೇರಿಯಲ್ಲಿ ಆಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಶುರು ಮಾಡಿದ್ದು. 2005ರ ಜುಲೈನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಸುದ್ದಿ ಬಂದ ಕೂಡಲೇ ಪುಟ ಮಾಡಬೇಕಿತ್ತು, ಅದಕ್ಕೇ ಡೇಟಾಬೇಸಿನ ಕೆಲಸ ಇದರಲ್ಲಿ ಇಷ್ಟು ಸಲೀಸು.

ಚಾಲಿ ಅಡಿಕೆ, ಸೋಮವಾರ ಬೆಳಗ್ಗೆ 7:20

ಅಘನಾಶಿನಿ ತಂಗಿ, ಆರೇಳು ತಿಂಗಳು ಎರಡೂ ಕಡೆ ಬರೆದಿದ್ದೀರಲ್ಲ, ಅದು ಸಣ್ಣ ಕೆಲಸ ಅಲ್ಲ. ಪುಸ್ತಕ ಇಲ್ಲದಿದ್ದರೆ ತಪ್ಪಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ನಾನು ಶಿರಸಿಯಲ್ಲಿ ಅಡಿಕೆ ಖರೀದಿ ಲೆಕ್ಕಕ್ಕೆ ಇಂಥದೇ ಒಂದು ಬರೆದುಕೊಟ್ಟಿದ್ದೇನೆ. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ಅಂತ ದರ ಬೇರೆ ಬೇರೆ. ಬೆಳೆಗಾರರಿಗೆ ಕೊಟ್ಟ ಮುಂಗಡ ಕಳೆಯುವುದು ಅಲ್ಲೂ ಇದೆ.

ಒಂದು ಕೇಳುತ್ತೇನೆ. ಬಾಕಿ ತೆಗೆಯುವಾಗ ಬೋಟಿನ ಮೇಲೆ ಒಂದೇ ಆನೋಟೇಟ್‌ನಲ್ಲಿ (ಪ್ರತಿ ಬೋಟಿನ ಪಕ್ಕ ಲೆಕ್ಕ ಅಂಟಿಸುವ ಆಜ್ಞೆ) ಮಾರಾಟದ ಸಮ್ ಅಂದರೆ ಒಟ್ಟು, ಮುಂಗಡದ ಸಮ್ ಎರಡನ್ನೂ ಹಾಕಿದ್ದೀರಾ?

ಅಘನಾಶಿನಿ, ಸೋಮವಾರ ಬೆಳಗ್ಗೆ 7:45

ಹೌದು ಅಣ್ಣ. ಒಂದೇ ಸಾಲಿನಲ್ಲಿ ಬರುತ್ತದಲ್ಲ ಅಂತ ಖುಷಿಯಾಗಿತ್ತು. ಅದು ತಪ್ಪಾ?

ಚಾಲಿ ಅಡಿಕೆ, ಸೋಮವಾರ ಮಧ್ಯಾಹ್ನ 1:30

ಅಲ್ಲೇ ಇದೆ ತಪ್ಪು. ಇದನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಯಾಕೆಂದರೆ ಇದರಲ್ಲಿ ಕೆಂಪು ಅಕ್ಷರದ ಎರರ್ ಯಾವುದೂ ಬರುವುದಿಲ್ಲ. ತಪ್ಪು ಅಂಕಿ ಸರಿಯಾದ ಅಂಕಿಯ ಹಾಗೇ ಬಂದು ನಿಲ್ಲುತ್ತದೆ.

ಒಂದು ಬೋಟು ತೆಗೆದುಕೊಳ್ಳಿ. ಮಾರಾಟ ಮೂರು: 10,000, 6,000, 4,000. ಒಟ್ಟು 20,000. ಮುಂಗಡ ಎರಡು: ಡೀಸೆಲ್ಲಿಗೆ 5,000, ಐಸಿಗೆ 1,000. ಒಟ್ಟು 6,000. ಕಮಿಷನ್ ಸದ್ಯಕ್ಕೆ ಬಿಡಿ. ಬಾಕಿ 14,000 ಬರಬೇಕು.

ಮಾರಾಟದ ಟೇಬಲ್, ಮುಂಗಡದ ಟೇಬಲ್ ಎರಡೂ ಬೋಟಿಗೆ ಅಂಟಿಕೊಂಡಿವೆ. ಅವುಗಳ ನಡುವೆ ತಮ್ಮತಮ್ಮಲ್ಲೇ ಸಂಬಂಧ ಇಲ್ಲ. ಒಂದೇ ಕ್ವೆರಿಯಲ್ಲಿ, ಅಂದರೆ ಡೇಟಾಬೇಸಿಗೆ ಕೇಳುವ ಒಂದೇ ಪ್ರಶ್ನೆಯಲ್ಲಿ, ಎರಡನ್ನೂ ಕೇಳಿದರೆ ಜ್ಯಾಂಗೋ ಎರಡನ್ನೂ ಬೋಟಿನ ಜೊತೆ ಜಾಯಿನ್ ಮಾಡುತ್ತದೆ. ಆಗ ಒಂದೊಂದು ಮಾರಾಟದ ಎದುರಿಗೂ ಎರಡೂ ಮುಂಗಡ ಬಂದು ನಿಲ್ಲುತ್ತವೆ. ಮೂರೆರಡಲ ಆರು ಸಾಲು. ಆ ಆರು ಸಾಲಿನ ಮೇಲೆ ಕೂಡಿಸಿದರೆ ಪ್ರತಿ ಮಾರಾಟ ಎರಡು ಸಲ, ಪ್ರತಿ ಮುಂಗಡ ಮೂರು ಸಲ ಲೆಕ್ಕಕ್ಕೆ ಬಂತು. ಮಾರಾಟ 40,000, ಮುಂಗಡ 18,000, ಬಾಕಿ 22,000. ನಿಮ್ಮ ಎರಡು ಬೋಟಿಗೆ ಸರಿ ಬಂದಿದೆ ಅಂದಿರಲ್ಲ, ಅವುಗಳ ಹೆಸರಿನಲ್ಲಿ ಒಂದೊಂದೇ ಮಾರಾಟ, ಒಂದೊಂದೇ ಮುಂಗಡ ಇರಬೇಕು ನೋಡಿ.

ಸಮ್ ಒಳಗೆ ಡಿಸ್ಟಿಂಕ್ಟ್ (ಒಂದೇ ಥರದ್ದನ್ನು ಒಂದೇ ಸಲ ಹಿಡಿ ಅನ್ನುವುದು) ಹಾಕಿ ಅಂತ ಯಾರಾದರೂ ಹೇಳಬಹುದು. ಬೇಡ. ಅದು ಸಾಲು ನೋಡುವುದಿಲ್ಲ, ಅಂಕಿ ನೋಡುತ್ತದೆ. ಎರಡು ಸಲ 5,000 ರೂಪಾಯಿಯ ಡೀಸೆಲ್ ಕೊಟ್ಟಿದ್ದರೆ ಅದರಲ್ಲಿ ಒಂದು ಮಾಯ. ಎಣಿಸುವುದಕ್ಕೆ, ಅಂದರೆ ಐಡಿ ಮೇಲಿನ ಕೌಂಟಿಗೆ, ಡಿಸ್ಟಿಂಕ್ಟ್ ಸರಿ. ದುಡ್ಡು ಕೂಡಿಸುವುದಕ್ಕೆ ಅಲ್ಲ.

ಸರಿಯಾದ ದಾರಿ ಸಬ್‌ಕ್ವೆರಿ, ಕ್ವೆರಿಯ ಒಳಗಿನ ಕ್ವೆರಿ. ಮಾರಾಟದ ಒಟ್ಟನ್ನು ಒಂದು ಸಬ್‌ಕ್ವೆರಿಯಲ್ಲಿ ಬೋಟಿನ ಪ್ರಕಾರ ಕೂಡಿಸಿ, ಮುಂಗಡದ ಒಟ್ಟನ್ನು ಇನ್ನೊಂದರಲ್ಲಿ. ಔಟರ್‌ರೆಫ್ ಮೂಲಕ ಎರಡನ್ನೂ ಹೊರಗಿನ ಬೋಟಿಗೆ ಕಟ್ಟಿ. ಹೊರಗಡೆ ಎರಡಕ್ಕೂ ಕೋಯಲೆಸ್ ಹಾಕಿ ಖಾಲಿ ಇದ್ದರೆ ಸೊನ್ನೆ ಅಂತ ಹೇಳಿ. ಇದನ್ನು ಮರೆತರೆ ಮುಂಗಡವೇ ತೆಗೆದುಕೊಳ್ಳದ ಬೋಟಿಗೆ ಬಾಕಿ ಖಾಲಿ ಬರುತ್ತದೆ. ಅಂಕಿಯಿಂದ ಖಾಲಿ ಕಳೆದರೆ ಡೇಟಾಬೇಸಿಗೆ ಉತ್ತರ ಖಾಲಿಯೇ.

ಆದರೆ ನಿಮಗೆ 14 ಬೋಟು. ನಾನಾಗಿದ್ದರೆ ಮೊದಲು ಎರಡು ಬೇರೆ ಕ್ವೆರಿ ಮಾಡಿ, ಬೋಟಿನ ಐಡಿ ಮೇಲೆ ಪೈಥಾನಿನಲ್ಲೇ ಜೋಡಿಸಿ, ಪುಸ್ತಕದ ಜೊತೆ ತಾಳೆ ನೋಡುತ್ತಿದ್ದೆ. ಸರಿ ಬಂದ ಮೇಲೆ ಸಬ್‌ಕ್ವೆರಿ. ಎರಡರ ಉತ್ತರ ಒಂದೇ ಇರಬೇಕು. ಕ್ವೆರಿಸೆಟ್‌ನ ಕ್ವೆರಿಯನ್ನು ಪ್ರಿಂಟ್ ಮಾಡಿ ಡೇಟಾಬೇಸಿಗೆ ಹೋಗುವ ಎಸ್‌ಕ್ಯೂಎಲ್ ಕೂಡ ಓದಿ. ಆ ಎಸ್‌ಕ್ಯೂಎಲ್‌ನಲ್ಲಿ ಎರಡು ಜಾಯಿನ್ ಕಂಡರೆ ಅಲ್ಲಿ ನಿಲ್ಲಿ, ಗುಣಾಕಾರ ಆಗುತ್ತಿದೆಯಾ ಅಂತ ಕೇಳಿಕೊಳ್ಳಿ.

ಅಘನಾಶಿನಿ, ಸೋಮವಾರ ರಾತ್ರಿ 8:55

ಅಣ್ಣ, 12 ಬೋಟು ತಾಳೆಯಾಯಿತು! ನೀವು ಹೇಳಿದ ಹಾಗೆ ಎರಡು ಕ್ವೆರಿ ಮಾಡಿದೆ. ಸರಿ ಇದ್ದ ಆ ಎರಡು ಬೋಟಿಗೆ ನಿಜವಾಗಿಯೂ ಒಂದೊಂದೇ ನಮೂದು ಇತ್ತು. ಮೇ ತಿಂಗಳಲ್ಲಿ ಹೊಸದಾಗಿ ಸೇರಿದ ಬೋಟುಗಳು ಅವು. ಉಳಿದ ಎರಡಕ್ಕೆ ಇನ್ನೂ ವ್ಯತ್ಯಾಸ ಇದೆ. ಒಂದಕ್ಕೆ ಕೆಲವು ರೂಪಾಯಿ, ಇನ್ನೊಂದಕ್ಕೆ ಸುಮಾರು ಸಾವಿರ.

ಬನವಾಸಿಯವಳು, ಸೋಮವಾರ ರಾತ್ರಿ 9:30

ನನಗೆ ನಿಮ್ಮ ಎರಡನೆಯ ತೊಂದರೆಯ ಮೇಲೆ ಕಣ್ಣು. ಹಿಂದಿನ ದಿನಕ್ಕೆ ಜಾರಿದ ಮಾರಾಟಗಳನ್ನು ಎಷ್ಟು ಹೊತ್ತಿಗೆ ಹಾಕಿದ್ದು?

ಅಘನಾಶಿನಿ, ಸೋಮವಾರ ರಾತ್ರಿ 9:52

ಪುಸ್ತಕ ನೋಡಿದೆ ಅಕ್ಕಾ. ಎಲ್ಲವೂ ಬೆಳಗಿನ ಜಾವದ್ದು. ನಾಲ್ಕು, ನಾಲ್ಕೂವರೆ, ಐದು. ಟ್ರಾಲ್ ಬೋಟುಗಳು ಕತ್ತಲಿದ್ದಾಗಲೇ ಬರುತ್ತವೆ. ಏಳು ಗಂಟೆಯ ಮೇಲಿನ ಒಂದೂ ಜಾರಿಲ್ಲ.

ಬನವಾಸಿಯವಳು, ಸೋಮವಾರ ರಾತ್ರಿ 10:15

ಹಾಗಾದರೆ ಗಡಿ ಐದೂವರೆ. ಸೆಟ್ಟಿಂಗ್ಸ್ ಕಡತದಲ್ಲಿ ಟೈಮ್ ಝೋನ್ ಅನ್ನುವ ಸಾಲು ನೋಡಿ. ಯುಟಿಸಿ ಅಂತ ಇರುತ್ತದೆ, ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ. ಹೊಸ ಪ್ರಾಜೆಕ್ಟ್ ಮಾಡಿದಾಗ ಜ್ಯಾಂಗೋ ಹಾಗೇ ಬರೆದುಕೊಡುತ್ತದೆ. ನಮ್ಮ ಗಡಿಯಾರ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ತದಡಿಯಲ್ಲಿ ಬೆಳಗ್ಗೆ 4:30 ಆದಾಗ ಅಲ್ಲಿ ಹಿಂದಿನ ರಾತ್ರಿ 11 ಗಂಟೆ. ನೀವು ದಿನದ ಪ್ರಕಾರ ಸೋಸಿದಾಗ ಜ್ಯಾಂಗೋ ಆ ಗಡಿಯಾರದ ದಿನವನ್ನೇ ನೋಡುತ್ತದೆ. ಕಚೇರಿ ಸಮಯದಲ್ಲಿ ಕೆಲಸ ಮಾಡುವವರಿಗೆ ಇದು ವರ್ಷಗಟ್ಟಲೆ ಕಾಣಿಸುವುದೇ ಇಲ್ಲ. ಬಂದರಿನಲ್ಲಿ ಮೊದಲ ದಿನವೇ ಕಾಣುತ್ತದೆ.

ಅದನ್ನು ಏಷ್ಯಾ/ಕೋಲ್ಕತಾ ಅಂತ ಬದಲಾಯಿಸಿ. ಹಳೆಯ ನಮೂದು ತಿದ್ದುವುದು ಬೇಡ. ಟೈಮ್ ಝೋನ್ ಬಳಕೆ ಚಾಲೂ ಇದ್ದರೆ ಡೇಟಾಬೇಸಿನಲ್ಲಿ ಸಮಯ ಯಾವಾಗಲೂ ಯುಟಿಸಿಯಲ್ಲೇ ಕೂರುತ್ತದೆ. 5.0ರಿಂದ ಅದು ತಾನಾಗಿಯೇ ಚಾಲೂ ಇರುತ್ತದೆ. ಓದುವಾಗ ಮಾತ್ರ ನಮ್ಮ ಸಮಯಕ್ಕೆ ತಿರುಗುತ್ತದೆ. ಹಾಗಾಗಿ ಒಂದು ಸಾಲು ತಿದ್ದಿದರೆ ನವೆಂಬರಿನಿಂದ ಇರುವುದೆಲ್ಲ ತನ್ನ ಜಾಗಕ್ಕೆ ಬರುತ್ತದೆ. ಬರೀ ತಾರೀಕು ಮಾತ್ರ ಇರುವ ಕಾಲಂ ಇದ್ದರೆ ಅದು ಬೇರೆ ಮಾತು. ಅಲ್ಲಿ ತಪ್ಪು ದಿನವೇ ಬರೆದುಹೋಗಿರುತ್ತದೆ.

ಚಾಲಿ ಅಡಿಕೆ, ಮಂಗಳವಾರ ಬೆಳಗ್ಗೆ 6:50

ಅಕ್ಕ ಹೇಳಿದ್ದು ಪೂರ್ತಿ ಸರಿ. ಒಂದು ಸೇರಿಸುತ್ತೇನೆ. ನಮೂದು ಹಾಕಿದ ಸಮಯ ಬೇರೆ, ಹರಾಜಿನ ದಿನ ಬೇರೆ. ಕರೆಂಟ್ ಹೋಗಿ ಸಂಜೆ ಹಾಕಿದ್ದೀರಿ ಅನ್ನಿ, ಅಥವಾ ಮರುದಿನ. ಹರಾಜಿನ ದಿನ ಅಂತ ಒಂದು ಪ್ರತ್ಯೇಕ ತಾರೀಕಿನ ಕಾಲಂ ಇಡಿ, ಅದನ್ನು ಬರೆಯುವವರೇ ಆರಿಸಲಿ. ಅಪ್ಪನ ಪುಸ್ತಕದಲ್ಲಿ ಪುಟದ ಮೇಲೆ ತಾರೀಕು ಬರೆದಿರುತ್ತಾರಲ್ಲ, ಅದು ಆ ಕಾಲಂ.

ಕಾಳಿ ದಡ, ಮಂಗಳವಾರ ಬೆಳಗ್ಗೆ 9:05

ನಿಧಾನದ ವಿಷಯ ನಾನು ಹೇಳುತ್ತೇನೆ, ಅದು ಸುಲಭ. ತಿಂಗಳಿಗೆ 300 ಮಾರಾಟ ಅನ್ನಿ. ಟೆಂಪ್ಲೇಟಿನಲ್ಲಿ, ಅಂದರೆ ಪುಟದ ಅಚ್ಚಿನಲ್ಲಿ, ಪ್ರತಿ ಸಾಲಿಗೆ ಬೋಟಿನ ಹೆಸರು, ಮೀನಿನ ಹೆಸರು ತೋರಿಸುತ್ತೀರಿ. ಪಟ್ಟಿಗೆ ಒಂದು ಕ್ವೆರಿ, ಬೋಟಿಗೆ 300, ಮೀನಿಗೆ 300. ಒಟ್ಟು 601. ಸೆಲೆಕ್ಟ್ ರಿಲೇಟೆಡ್ ಅಂತ ಬೋಟು, ಮೀನು ಎರಡನ್ನೂ ಕೊಟ್ಟರೆ ಜಾಯಿನ್ ಆಗಿ ಒಂದೇ ಕ್ವೆರಿ. ಇಲ್ಲಿ ಜಾಯಿನ್ ಗುಣಾಕಾರ ಮಾಡುವುದಿಲ್ಲ, ಏಕೆಂದರೆ ಒಂದು ಮಾರಾಟಕ್ಕೆ ಒಂದೇ ಬೋಟು. ತಿರುಗಿಸಿ, ಒಂದು ಬೋಟಿನಿಂದ ಅದರ ಎಲ್ಲ ಮಾರಾಟ ಬೇಕಾದರೆ ಪ್ರಿಫೆಚ್ ರಿಲೇಟೆಡ್. ಅದು ಎರಡು ಕ್ವೆರಿ ಮಾಡಿ ಪೈಥಾನಿನಲ್ಲಿ ಜೋಡಿಸುತ್ತದೆ. ಡೀಬಗ್ ಟೂಲ್‌ಬಾರ್ ಹಾಕಿಕೊಳ್ಳಿ, ಪುಟದ ಪಕ್ಕದಲ್ಲೇ ಎಷ್ಟು ಕ್ವೆರಿ ಆಯಿತು ಅಂತ ಕಾಣುತ್ತದೆ.

ಅಘನಾಶಿನಿ, ಮಂಗಳವಾರ ರಾತ್ರಿ 8:20

ನನ್ನದರಲ್ಲಿ 900ಕ್ಕೂ ಜಾಸ್ತಿ ಇತ್ತು! ಈಗ 4. ಪುಟ ಒತ್ತಿದ ಕೂಡಲೇ ಬರುತ್ತದೆ. ದಿನದ ವರದಿಯೂ ಸರಿಯಾಯಿತು. ತುಂಬಾ ಥ್ಯಾಂಕ್ಸ್.

ಉಳಿದದ್ದು ಆ ಎರಡು ಬೋಟು. ಕೆಲವು ರೂಪಾಯಿಯ ವ್ಯತ್ಯಾಸ ಯಾಕೆ ಇರಬಹುದು? ದರ, ತೂಕ ಎರಡೂ ಫ್ಲೋಟ್ ಫೀಲ್ಡ್, ದಶಮಾಂಶ ಸಂಖ್ಯೆಯ ಕಾಲಂ.

ಬನವಾಸಿಯವಳು, ಮಂಗಳವಾರ ರಾತ್ರಿ 9:00

ದುಡ್ಡಿಗೆ ಫ್ಲೋಟ್ ಬೇಡವೇ ಬೇಡ. ಪೈಥಾನಿನಲ್ಲಿ 0.1 ಮತ್ತು 0.2 ಕೂಡಿಸಿ ನೋಡಿ. 0.30000000000000004 ಅಂತ ಬರುತ್ತದೆ. ಆದರೆ ಅದರಿಂದ ಒಂದೇ ಬೋಟಿಗೆ ಕೆಲವು ರೂಪಾಯಿ ವ್ಯತ್ಯಾಸ ಬರುವುದು ಕಷ್ಟ. ಅಪ್ಪ ಹೇಗೆ ರೌಂಡ್ ಮಾಡುತ್ತಾರೆ ಅಂತ ಕೇಳಿದ್ದೀರಾ?

ಅಘನಾಶಿನಿ, ಮಂಗಳವಾರ ರಾತ್ರಿ 9:40

ಈಗ ಕೇಳಿ ಬಂದೆ. ಪ್ರತಿ ಸಾಲನ್ನೂ ಅಲ್ಲಲ್ಲೇ ರೂಪಾಯಿಗೆ ಸರಿ ಮಾಡುತ್ತಾರಂತೆ. 50 ಪೈಸೆ ಬಂದರೆ ಮೇಲಕ್ಕೆ, ಬೋಟಿನವರ ಕಡೆಗೆ. "ಕಡಲಿಗೆ ಹೋದವರು ಅವರು, ನಾನಲ್ಲ" ಅಂದರು. ನಾನು ಎಲ್ಲ ಕೂಡಿಸಿ ಕೊನೆಗೆ ರೌಂಡ್ ಮಾಡುತ್ತಿದ್ದೆ. ವ್ಯತ್ಯಾಸ ಇರುವ ಬೋಟು ದಿನಾ ಹೋಗಿ ಬರುವಂಥದ್ದು. ಸಣ್ಣ ಸಣ್ಣ ನಮೂದು ನೂರಾರು ಇವೆ.

ಬನವಾಸಿಯವಳು, ಮಂಗಳವಾರ ರಾತ್ರಿ 10:10

ಸಿಕ್ಕಿತು ನೋಡಿ. ಪೈಥಾನಿನ ರೌಂಡ್ ಕೂಡ ಅಪ್ಪನ ಹಾಗೆ ಮಾಡುವುದಿಲ್ಲ. 2.5 ಕೊಟ್ಟರೆ 2 ಅನ್ನುತ್ತದೆ, 3.5 ಕೊಟ್ಟರೆ 4. ಸರಿ ಅರ್ಧ ಬಂದಾಗ ಹತ್ತಿರದ ಸಮ ಸಂಖ್ಯೆಗೆ ಹೋಗುವುದು ಅದರ ಪದ್ಧತಿ. ದಶಮಾಂಶವನ್ನು ಇದ್ದ ಹಾಗೇ ಇಡುವ ಡೆಸಿಮಲ್ ಬಳಸಿ, ಕ್ವಾಂಟೈಸ್ (ರೌಂಡ್) ಮಾಡುವಾಗ ರೌಂಡ್ ಹಾಫ್ ಅಪ್ ಅಂತ ಹೇಳಿ. ಮಾರಾಟ ಉಳಿಸುವ ಹೊತ್ತಿಗೇ ಆ ಸಾಲಿನ ಮೊತ್ತ ಲೆಕ್ಕ ಹಾಕಿ ಒಂದು ಕಾಲಂನಲ್ಲಿ ಇಟ್ಟುಬಿಡಿ. ವರದಿ ಅದನ್ನು ಸುಮ್ನೆ ಕೂಡಿಸಲಿ. ಬೋಟಿನವರ ಕೈಗೆ ಕೊಟ್ಟದ್ದು ಆ ಅಂಕಿ ತಾನೆ. ನಾಳೆ ಯಾರೋ ಸೂತ್ರ ತಿದ್ದಿದರೆ ಹಳೆಯ ಲೆಕ್ಕ ಅಲುಗಬಾರದು.

ಎಸ್‌ಕ್ಯೂಲೈಟಿನಲ್ಲಿ ನಿಜವಾದ ಡೆಸಿಮಲ್ ಇಲ್ಲ ಅನ್ನುವುದು ನೆನಪಿರಲಿ. ಡೆಸಿಮಲ್ ಫೀಲ್ಡ್ ಅಂತ ಬರೆದರೂ ಒಳಗೆ ಫ್ಲೋಟ್ ಆಗಿಯೇ ಕೂರುತ್ತದೆ. ಮೊತ್ತದ ಕಾಲಂ ಪೂರ್ಣಾಂಕ ಆಗಿದ್ದರೆ ಆ ಚಿಂತೆ ಇಲ್ಲ. ನಿಮ್ಮಲ್ಲಿ ರೂಪಾಯಿಗೇ ಸರಿ ಮಾಡುವುದರಿಂದ ಇಂಟಿಜರ್ ಸಾಕು. ಪೈಸೆ ಬೇಕಾದವರು ಪೈಸೆಯಲ್ಲೇ ಇಂಟಿಜರ್ ಇಡಬಹುದು.

ಚಾಲಿ ಅಡಿಕೆ, ಬುಧವಾರ ಬೆಳಗ್ಗೆ 7:00

ಇದಕ್ಕೇ ನಾನು ಪೋಸ್ಟ್‌ಗ್ರೆಸ್, ಬೇರೆ ಸರ್ವರ್ ಆಗಿ ಓಡುವ ಡೇಟಾಬೇಸ್, ಅನ್ನುವುದು. ಅಲ್ಲಿ ನ್ಯೂಮೆರಿಕ್ ಅನ್ನುವುದು ನಿಜವಾಗಿಯೂ ಡೆಸಿಮಲ್. ಖರೀದಿ ದಿನ ನಮ್ಮಲ್ಲಿ ಐದು ಜನ ಒಟ್ಟಿಗೆ ನಮೂದು ಹಾಕುತ್ತಾರೆ. ಎಸ್‌ಕ್ಯೂಲೈಟ್ ಇದ್ದಾಗ "ಡೇಟಾಬೇಸ್ ಈಸ್ ಲಾಕ್ಡ್" ಅಂತ ಬಂದು ಬೆಳೆಗಾರರನ್ನು ನಿಲ್ಲಿಸಿಕೊಂಡು ಕೂರಬೇಕಾಯಿತು. ಜ್ಯಾಂಗೋ 5.2ಕ್ಕೆ ಪೋಸ್ಟ್‌ಗ್ರೆಸ್ 14 ಅಥವಾ ಅದರ ಮೇಲಿನದು ಬೇಕು. ಜೊತೆಗೆ ಪೈಥಾನಿನಿಂದ ಅದನ್ನು ತಲುಪಲು ಸೈಕಾಪಿಜಿ ಪ್ಯಾಕೇಜು.

ಕಾಳಿ ದಡ, ಬುಧವಾರ ಬೆಳಗ್ಗೆ 9:20

ಅಣ್ಣ, ನಿಮ್ಮಲ್ಲಿ ಐದು ಜನ. ಇವರಲ್ಲಿ ಒಬ್ಬರು, ಒಂದೇ ಲ್ಯಾಪ್‌ಟಾಪ್. ಇನ್ನೊಂದು ಸರ್ವರ್ ನೋಡಿಕೊಳ್ಳುವ ಹೊರೆ ಅವರಿಗೆ ಯಾಕೆ? ಎಸ್‌ಕ್ಯೂಲೈಟಿಗೆ ವಾಲ್ ಮೋಡ್ (ಬದಲಾವಣೆಯನ್ನು ಮೊದಲು ಪಕ್ಕದ ಕಡತದಲ್ಲಿ ಬರೆಯುವ ಪದ್ಧತಿ) ಹಾಕಿದರೆ ಒಬ್ಬರು ಬರೆಯುವಾಗ ಉಳಿದವರು ಓದಬಹುದು. ಟ್ರಾನ್ಸಾಕ್ಷನ್ ಮೋಡನ್ನು ಇಮೀಡಿಯೆಟ್ ಅಂತ ಇಟ್ಟರೆ ಲಾಕ್ ತಕರಾರು ತುಂಬಾ ಕಡಿಮೆಯಾಗುತ್ತದೆ. 5.1ರಿಂದ ಎರಡನ್ನೂ ಸೆಟ್ಟಿಂಗ್ಸಿನಲ್ಲೇ ಹೇಳಬಹುದು.

ಬ್ಯಾಕಪ್ ವಿಷಯದಲ್ಲಿ ಮಾತ್ರ ಎಚ್ಚರ. ಕೆಲಸ ನಡೆಯುತ್ತಿರುವಾಗ ಆ ಕಡತವನ್ನು ಹಾಗೇ ಪೆನ್‌ಡ್ರೈವಿಗೆ ಕಾಪಿ ಮಾಡಬೇಡಿ. ವಾಲ್ ಮೋಡಿನಲ್ಲಿ ಇತ್ತೀಚಿನ ನಮೂದು ಪಕ್ಕದ ಇನ್ನೊಂದು ಕಡತದಲ್ಲಿ ಇರಬಹುದು. ವ್ಯಾಕ್ಯೂಮ್ ಇಂಟು ಅನ್ನುವ ಆಜ್ಞೆ ಕೊಟ್ಟರೆ ಪೂರ್ತಿ ಪ್ರತಿ ಸಿಗುತ್ತದೆ. ಮಳೆಗಾಲದಲ್ಲಿ ಕರೆಂಟ್ ಗತಿ ನಿಮಗೇ ಗೊತ್ತು. ದಿನಾ ರಾತ್ರಿ ಒಂದು ಪ್ರತಿ ತೆಗೆದಿಡಿ.

ಚಾಲಿ ಅಡಿಕೆ, ಬುಧವಾರ ಮಧ್ಯಾಹ್ನ 1:10

ಒಬ್ಬರೇ ಆದರೆ ಒಪ್ಪಿದೆ. ಇಬ್ಬರು ಮೂವರು ಆದ ದಿನ ಪೋಸ್ಟ್‌ಗ್ರೆಸ್‌ಗೆ ಹೋಗಿ. ಆಗ ಒಂದು ಬೋಟಿನ ಲೆಕ್ಕವನ್ನು ಇಬ್ಬರು ಒಂದೇ ಹೊತ್ತಿಗೆ ಚುಕ್ತಾ ಮಾಡದ ಹಾಗೆ ಸಾಲಿಗೆ ಬೀಗ ಹಾಕುವ ಸೆಲೆಕ್ಟ್ ಫಾರ್ ಅಪ್‌ಡೇಟ್ ಬಳಸಬೇಕು. ಎಸ್‌ಕ್ಯೂಲೈಟಿನಲ್ಲಿ ಅದನ್ನು ಬರೆದರೂ ಏನೂ ಆಗುವುದಿಲ್ಲ, ಎರರ್ ಕೂಡ ಬರುವುದಿಲ್ಲ.

ಅಘನಾಶಿನಿ, ಬುಧವಾರ ರಾತ್ರಿ 8:30

ರೂಪಾಯಿ ವ್ಯತ್ಯಾಸ ಹೋಯಿತು. ಕೊನೆಯ ಬೋಟು ಉಳಿದಿದೆ, 1,200 ರೂಪಾಯಿ. ಹೆಸರು ಹಾಕಿ ಹುಡುಕಿದರೆ ಕೆಲವು ನಮೂದು ಸಿಗುವುದೇ ಇಲ್ಲ. ಕಣ್ಣಿಗೆ ಹೆಸರು ಒಂದೇ ಇದೆ. ಪಟ್ಟಿಯಲ್ಲಿ ಆ ಬೋಟು ಎರಡು ಸಲ ಬರುತ್ತದೆ. ಹೆಸರಿನ ಕಾಲಂಗೆ ಯುನೀಕ್ ಹಾಕಿದ್ದೆ, ಆದರೂ ಎರಡು ಹೇಗೆ ಆಯಿತು?

ಬನವಾಸಿಯವಳು, ಬುಧವಾರ ರಾತ್ರಿ 9:15

ಕನ್ನಡದಲ್ಲಿ ಕೆಲಸ ಮಾಡುವ ಎಲ್ಲರೂ ಇದನ್ನು ತಿಳಿದಿರಬೇಕು. ಹೆಸರಿನಲ್ಲಿ ಕೋ, ಕೇ, ಕೀ ಥರದ ದೀರ್ಘ ಅಕ್ಷರ ಇದೆಯಾ?

ಅಘನಾಶಿನಿ, ಬುಧವಾರ ರಾತ್ರಿ 9:20

ಇದೆ. ದೇವಿಯ ಹೆಸರು. "ದೇ".

ಬನವಾಸಿಯವಳು, ಬುಧವಾರ ರಾತ್ರಿ 9:50

ಯೂನಿಕೋಡಿನಲ್ಲಿ "ದೇ" ಬರೆಯಲು ಎರಡು ದಾರಿ ಇದೆ. ದ ಮತ್ತು ಏತ್ವದ ಒಂದೇ ಚಿಹ್ನೆ. ಅಥವಾ ದ, ಎತ್ವ, ಆಮೇಲೆ ದೀರ್ಘದ ಚಿಹ್ನೆ. "ಕೋ" ಅಂಥದನ್ನು ನಾಲ್ಕು ತುಂಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಡೇಟಾಬೇಸಿಗೆ ಬೇರೆ ಬೇರೆ ಅಕ್ಷರಗಳ ಸಾಲು. ಹಾಗಾಗಿ ಯುನೀಕ್ ಎರಡನ್ನೂ ಒಳಗೆ ಬಿಟ್ಟಿದೆ. ಒಂದು ಫೋನಿನ ಕೀಬೋರ್ಡಿನಿಂದ, ಇನ್ನೊಂದು ಎಲ್ಲಿಂದಲೋ ಕಾಪಿ ಮಾಡಿ ಹಾಕಿದ್ದಾಗಿರಬೇಕು.

ಪೈಥಾನಿನ ಯೂನಿಕೋಡ್‌ಡೇಟಾ ಮಾಡ್ಯೂಲಿನಲ್ಲಿ ನಾರ್ಮಲೈಸ್ ಅಂತ ಇದೆ. ಮಾಡೆಲಿನ ಸೇವ್ ಒಳಗೆ, ಹುಡುಕುವ ಪದಕ್ಕೂ, ಎನ್‌ಎಫ್‌ಸಿ ರೂಪಕ್ಕೆ, ಅಂದರೆ ತುಂಡುಗಳು ಒಂದೇ ಚಿಹ್ನೆಯಾಗಿ ಕೂಡಿದ ರೂಪಕ್ಕೆ, ತನ್ನಿ. ಹಿಂದೆ ಮುಂದೆ ಇರುವ ಖಾಲಿ ಜಾಗ ತೆಗೆಯಿರಿ. ಕಣ್ಣಿಗೆ ಕಾಣದ ಜೋಡಿಸುವ ಬಿಡಿಸುವ ಅಕ್ಷರಗಳೂ ಕೆಲವೊಮ್ಮೆ ನಡುವೆ ಸೇರಿಕೊಂಡಿರುತ್ತವೆ, ಅವನ್ನೂ ನೋಡಿ. ಹಳೆಯದನ್ನು ಸರಿ ಮಾಡಲು ಒಂದು ಡೇಟಾ ಮೈಗ್ರೇಷನ್, ಅಂದರೆ ಡೇಟಾಬೇಸನ್ನು ತಿದ್ದುವ ಕಡತ, ಬರೆಯಿರಿ. ಎರಡು ಬೋಟಿನ ನಮೂದುಗಳನ್ನು ಒಂದರ ಹೆಸರಿಗೆ ತಿರುಗಿಸಿ, ಆಮೇಲೆ ಖಾಲಿಯಾದದ್ದನ್ನು ಅಳಿಸಿ. ಮೊದಲು ಬ್ಯಾಕಪ್.

ಮತ್ತೆ ಮೀನಿನ ಹೆಸರು ಟೈಪ್ ಮಾಡಿಸಬೇಡಿ, ಪಟ್ಟಿಯಿಂದ ಆರಿಸಲಿ. ನಿಮ್ಮಲ್ಲಿ ತಾರ್ಲೆ ಅನ್ನುವುದನ್ನು ದಕ್ಷಿಣದಿಂದ ಬಂದವರು ಬೂತಾಯಿ ಅನ್ನುತ್ತಾರೆ. ಡೇಟಾಬೇಸಿಗೆ ಅದು ಎರಡು ಮೀನು.

ಯಾಣದ ಕಲ್ಲು, ಬುಧವಾರ ರಾತ್ರಿ 10:20

ಇದನ್ನು ಕಾಲೇಜಿನಲ್ಲಿ ಯಾರೂ ಹೇಳಿಕೊಡಲಿಲ್ಲ ಅಕ್ಕಾ. ಈಗಷ್ಟೇ "ಶಿರಸಿ" ಅಂತ ಬರೆದು ಉದ್ದ ಕೇಳಿದೆ. 5 ಅಂದಿತು.

ಬನವಾಸಿಯವಳು, ಬುಧವಾರ ರಾತ್ರಿ 10:24

ಹೌದು. ಗುಣಿತದ ಚಿಹ್ನೆಗಳನ್ನೂ ಎಣಿಸುತ್ತದೆ. "ಕ್ಷ" ಒಂದೇ 3. ಕಾಲಂಗೆ ಮ್ಯಾಕ್ಸ್ ಲೆಂತ್ (ಗರಿಷ್ಠ ಉದ್ದ) ಕೊಡುವಾಗ ಧಾರಾಳವಾಗಿ ಕೊಡು.

ಅಘನಾಶಿನಿ, ಗುರುವಾರ ರಾತ್ರಿ 9:05

14 ಬೋಟೂ ತಾಳೆಯಾಯಿತು. ಆ 1,200 ರೂಪಾಯಿ ಎರಡನೇ ಹೆಸರಿನ ಕೆಳಗೆ ಕೂತಿದ್ದ ಒಂದು ಐಸ್ ಮುಂಗಡ. ಅಪ್ಪನ ಪುಸ್ತಕದಲ್ಲಿ ಅದು ಮಾರ್ಚ್ ತಿಂಗಳ ಪುಟದಲ್ಲಿ ಸರಿಯಾಗಿತ್ತು.

ಇನ್ನೊಂದು ಸಹಾಯ ಬೇಕು. ಕಾರವಾರದ ಬೈತಖೋಲದಲ್ಲಿ ಚಿಕ್ಕಪ್ಪ ಇದೇ ವ್ಯವಹಾರ ಮಾಡುತ್ತಾರೆ. ಅವರಿಗೂ ಬೇಕಂತೆ. ಅವರ ಅಂಗಡಿಯಲ್ಲಿ ವಿಂಡೋಸ್. ನೆಟ್ ಇದ್ದರೆ ಇದ್ದ ಹಾಗೆ. ಫೋಲ್ಡರನ್ನೇ ಪೆನ್‌ಡ್ರೈವಿನಲ್ಲಿ ಕೊಟ್ಟೆ, ನಡೆಯಲಿಲ್ಲ.

ಕಾಳಿ ದಡ, ಶುಕ್ರವಾರ ಬೆಳಗ್ಗೆ 10:00

ಇದು ನಮ್ಮ ಊರಿನ ಕೆಲಸ, ಪೂರ್ತಿ ಹೇಳುತ್ತೇನೆ.

ವೆನ್ವ್ ಫೋಲ್ಡರ್ ಇನ್ನೊಂದು ಯಂತ್ರಕ್ಕೆ ಹೋಗುವುದಿಲ್ಲ. ಅದರೊಳಗೆ ನಿಮ್ಮ ಲ್ಯಾಪ್‌ಟಾಪಿನ ದಾರಿಗಳು ಬರೆದಿರುತ್ತವೆ. ಅಲ್ಲಿ ಹೊಸದಾಗಿಯೇ ಮಾಡಬೇಕು. ನೀವು ಒಯ್ಯಬೇಕಾದ್ದು ಎರಡು: ಹೊರಗಿನ ಪ್ಯಾಕೇಜುಗಳ ವ್ಹೀಲ್ ಕಡತಗಳು (ಹಾಕಲು ಸಿದ್ಧವಾದ ಪೈಥಾನ್ ಕಟ್ಟು), ಮತ್ತು ನಿಮ್ಮದೇ ಆಪ್‌ನ ವ್ಹೀಲ್.

ಹೊರಗಿನದಕ್ಕೆ ನೆಟ್ ಇರುವ ಕಡೆ ಕೂತು ಪಿಪ್ ಡೌನ್‌ಲೋಡ್ ಕೊಡಿ. ಇನ್‌ಸ್ಟಾಲ್ ಅಲ್ಲ, ಡೌನ್‌ಲೋಡ್. ನೀವು ಉಬುಂಟುವಿನಲ್ಲಿ ಕೂತು ವಿಂಡೋಸಿಗೆ ಇಳಿಸಿಕೊಳ್ಳುವುದರಿಂದ ಪ್ಲಾಟ್‌ಫಾರ್ಮ್ ವಿಂಡೋಸ್ 64 ಬಿಟ್ ಅಂತ, ಪೈಥಾನ್ ಆವೃತ್ತಿ ಚಿಕ್ಕಪ್ಪನ ಕಡೆ ಇರುವುದು ಅಂತ, ಬೈನರಿ ಮಾತ್ರ ಅಂತ ಹೇಳಬೇಕು. ಜ್ಯಾಂಗೋ ಬರೀ ಪೈಥಾನ್, ಎಲ್ಲೂ ಓಡುತ್ತದೆ. ಸೈಕಾಪಿಜಿಯ ಬೈನರಿ ಥರದವು ಒಂದೊಂದು ಯಂತ್ರಕ್ಕೆ ಒಂದೊಂದು. ವಿಂಡೋಸಿನಲ್ಲಿ ಪೈಥಾನಿಗೆ ಊರುಗಳ ಸಮಯದ ಪಟ್ಟಿ ಸಿಗುವುದಿಲ್ಲ, ಅದಕ್ಕೆ ಟಿಝೆಡ್‌ಡೇಟಾ ಬೇಕು. ಬನವಾಸಿ ಅಕ್ಕ ಹೇಳಿಕೊಟ್ಟ ಏಷ್ಯಾ/ಕೋಲ್ಕತಾ ಅಲ್ಲಿ ನಡೆಯುವುದೇ ಅದರ ಮೇಲೆ. ಉಬುಂಟುವಿನಲ್ಲಿ ಕೂತು ಇಳಿಸಿದರೆ ಅದು ತಾನಾಗಿ ಬಾರದೆ ಇರಬಹುದು, ಹೆಸರು ಹೇಳಿ ಇಳಿಸಿ. ಅಂಗಡಿಯಲ್ಲಿ ಇನ್‌ಸ್ಟಾಲ್ ಮಾಡುವಾಗ ನೋ ಇಂಡೆಕ್ಸ್, ಫೈಂಡ್ ಲಿಂಕ್ಸ್ ಅಂತ ಪೆನ್‌ಡ್ರೈವಿನ ಫೋಲ್ಡರ್ ತೋರಿಸಿ. ಆಗ ಪಿಪ್ ನೆಟ್ ಕಡೆ ತಿರುಗಿಯೂ ನೋಡುವುದಿಲ್ಲ.

ನಿಮ್ಮ ಆಪ್‌ಗೆ ಪೈಪ್ರಾಜೆಕ್ಟ್ ಟಾಮಲ್ ಕಡತ ಬರೆಯಿರಿ. ಹೆಸರು, ಆವೃತ್ತಿ, ಜ್ಯಾಂಗೋ ಎಷ್ಟು ಬೇಕು ಅನ್ನುವುದು. ಆಮೇಲೆ ಬಿಲ್ಡ್. ಬಂದ ವ್ಹೀಲ್ ಕಡತವನ್ನು ಕೊಡುವ ಮೊದಲು ತೆರೆದು ನೋಡಿ. ಅದು ಒಂದು ಝಿಪ್ ಅಷ್ಟೆ. ಟೆಂಪ್ಲೇಟುಗಳು ಇವೆಯಾ? ಸ್ಟ್ಯಾಟಿಕ್ ಇದೆಯಾ? ಮೈಗ್ರೇಷನ್ಸ್ ಫೋಲ್ಡರ್ ಇದೆಯಾ? ಪೈಥಾನ್ ಅಲ್ಲದ ಕಡತಗಳು ಎಷ್ಟೋ ಸಲ ಒಳಗೆ ಬಂದಿರುವುದಿಲ್ಲ. ನನಗೆ ಒಮ್ಮೆ ಹಾಗಾಗಿ, ಕೊಟ್ಟು ಮನೆಗೆ ಬಂದ ಮೇಲೆ "ಟೆಂಪ್ಲೇಟ್ ಡಸ್ ನಾಟ್ ಎಕ್ಸಿಸ್ಟ್" ಅಂತ ಫೋನ್ ಬಂತು. ಮಳೆಯಲ್ಲಿ ಮತ್ತೆ ಅಷ್ಟು ದೂರ ಹೋದೆ.

ಮೈಗ್ರೇಷನ್ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. ಆ ಕಡತ ಹುಟ್ಟಿಸುವ ಮೇಕ್ ಮೈಗ್ರೇಷನ್ಸ್ ನಿಮ್ಮ ಲ್ಯಾಪ್‌ಟಾಪಿನಲ್ಲಿ ಮಾತ್ರ. ಚಿಕ್ಕಪ್ಪನ ಕಡೆ ಬರೀ ಮೈಗ್ರೇಟ್, ಬಂದ ಕಡತವನ್ನು ಓಡಿಸುವುದು. ಎರಡೂ ಕಡೆ ಮೇಕ್ ಮಾಡಿದರೆ ಒಂದೇ ನಂಬರಿನ ಎರಡು ಬೇರೆ ಕಡತ ಹುಟ್ಟುತ್ತವೆ. ಆಮೇಲೆ ಆ ಎರಡು ಡೇಟಾಬೇಸುಗಳನ್ನು ಒಂದೇ ದಾರಿಗೆ ತರುವುದು ಬಹಳ ಕಷ್ಟ. ಸೀಕ್ರೆಟ್ ಕೀ ವ್ಹೀಲಿನೊಳಗೆ ಹೋಗಬಾರದು, ಅಲ್ಲಿಗೆ ಬೇರೆಯದೇ ಇರಲಿ. ಡೀಬಗ್ ಫಾಲ್ಸ್.

ಅಂಗಡಿಯ ಸಮಯ ಹೇಳಿ. ನಾನು ಹತ್ತಿರವೇ ಇದ್ದೇನೆ, ಬಂದು ಜೊತೆಗೆ ಕೂರುತ್ತೇನೆ.

ಅಘನಾಶಿನಿ, ಶುಕ್ರವಾರ ಸಂಜೆ 6:40

ಅಣ್ಣ, ತುಂಬಾ ಉಪಕಾರ. ಈ ಶನಿವಾರ ಬೆಳಗ್ಗೆ ಬರುತ್ತೇನೆ. ವ್ಹೀಲ್ ತೆರೆದು ನೋಡಿದೆ. ಟೆಂಪ್ಲೇಟು ಇರಲಿಲ್ಲ! ಈಗ ಸೇರಿಸಿದೆ.

ಯಾಣದ ಕಲ್ಲು, ಶುಕ್ರವಾರ ರಾತ್ರಿ 8:00

ನಾನೂ ಬರಬಹುದಾ? ಕುಮಟಾದಲ್ಲಿ ಬಸ್ ಹತ್ತುತ್ತೇನೆ. ನೋಡಿ ಕಲಿಯುತ್ತೇನೆ.

ಕಾಳಿ ದಡ, ಶುಕ್ರವಾರ ರಾತ್ರಿ 8:04

ಬಾ ತಮ್ಮಾ.

ಅಘನಾಶಿನಿ, ಎರಡು ವಾರದ ನಂತರ, ಗುರುವಾರ ಬೆಳಗ್ಗೆ 6:15

ಇವತ್ತು 4:20ಕ್ಕೆ ನಮ್ಮ ಮೊದಲ ಬೋಟು ಬಂತು. ಬಂಗಡೆ ಚೆನ್ನಾಗಿ ಸಿಕ್ಕಿದೆ, ಶೆಟ್ಲಿ ಸ್ವಲ್ಪ. ಲ್ಯಾಪ್‌ಟಾಪ್ ಹರಾಜಿನ ಕಟ್ಟೆಗೇ ತೆಗೆದುಕೊಂಡು ಹೋಗಿದ್ದೆ. ಎಂಟು ಮಾರಾಟ, ಮೂರು ಮುಂಗಡ. ಎಲ್ಲವೂ ಇವತ್ತಿನ ತಾರೀಕಿಗೇ ಕೂತಿವೆ. ಅಪ್ಪ ಪುಸ್ತಕ ತೆರೆದು ಪಕ್ಕದಲ್ಲಿ ಇಟ್ಟುಕೊಂಡು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ನೋಡಿದರು. ಕೊನೆಗೆ ಬಾಕಿಯ ಅಂಕಿಯನ್ನು ನನ್ನ ಪರದೆಯಿಂದ ನೋಡಿ ಪುಸ್ತಕಕ್ಕೆ ಬರೆದುಕೊಂಡರು.

ಚಿಕ್ಕಪ್ಪನ ಕಡೆ ಇನ್ನೂ ಬೋಟು ಇಳಿದಿಲ್ಲ. ಅಲ್ಲಿ ಪ್ರಿಂಟರಿನಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಬೀಳುತ್ತಿಲ್ಲ. ಅದಕ್ಕೆ ಸಂಜೆ ಬೇರೆ ಪ್ರಶ್ನೆ ಹಾಕುತ್ತೇನೆ.